ಮಾವನ ಗಿಡ

ತಂಗಿಗೆ ಆಪರೇಷನ್ ಎಂದು ಊರಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ರೀ, ಕಿಟಕೀಲಿರೋ ಅಪ್ಪನ ಗಿಡಕ್ಕೆ ನೀರು ಹಾಕ್ಬೇಡಿ. ಮುಟ್ಟೋಕೂ ಹೋಗ್ಬೇಡಿ. ಸುಮ್ನಿದ್ದುಬಿಡಿ, ಸಾಕು."

ಬೇರೆ ಏನು ಹೇಳಿದ್ದರೂ ಅವನು ಮಾಡುತ್ತಿದ್ದ. ಸುಮ್ಮನಿರುವುದು ಮಾತ್ರ ಅವನಿಂದಾಗದ ಕೆಲಸ. ಕನ್ನಡಕ ರಿಪೇರಿ ಮಾಡುವ ಅವನಿಗೆ ಬೀದಿಯವರು 'ಗಡಿಬಿಡಿ' ಎಂದೇ ಹೆಸರಿಟ್ಟಿದ್ದರು. ಒಂದು ಕಡ್ಡಿ ಸಡಿಲ ಎಂದು ಗಿರಾಕಿ ಕನ್ನಡಕ ಕೊಟ್ಟರೆ ಎರಡನ್ನೂ ಬಿಚ್ಚಿ, ಗಾಜನ್ನೂ ಕಳಚಿ, ಆಮೇಲೆ ಸ್ಕ್ರೂಗಾಗಿ ಮೇಜಿನ ಕೆಳಗೆ ತೆವಳುವ ಆಸಾಮಿ.

ಗಿಡವೇನೋ ಪುಟ್ಟದು. ದಪ್ಪ ಎಲೆಗಳು ಕಮಲದ ಹಾಗೆ ಸುತ್ತಿಕೊಂಡು, ನಡುವೆ ನೇರಳೆ, ಅಂಚಿಗೆ ಗುಲಾಬಿ. ತೀರಿಹೋದ ಮಾವ ಎರಡು ಜಾತಿಯ ಹೂಗಳನ್ನು ಸಣ್ಣ ಬ್ರಷ್ಷಿನಿಂದ ಕೂಡಿಸಿ, ಬೀಜ ಮೊಳೆಸಿ, ಮಗಳ ಕೈಗಿತ್ತ ಗಿಡ. ಅಂಥದ್ದು ಇನ್ನೊಂದಿಲ್ಲ. ಅವಳು ದಿನಾ ಅದರೆದುರು ಕೂತು ಚಹಾ ಕುಡಿಯುತ್ತಿದ್ದಳು. ಅವನೂ ಅಲ್ಲೇ ಕೂರುತ್ತಿದ್ದ, ಪೇಪರಿನಲ್ಲಿ ಮುಖ ಹುದುಗಿಸಿ.

ಅವಳು ಹೋದ ಮೇಲೆ ಒಣಗಿದ ಮಣ್ಣು ಕಂಡು ಅವನಿಗೆ ಪಾಪವೆನಿಸಿತು. ದಿನಾ ಒಂದೊಂದು ಲೋಟ ನೀರು ಕುಡಿಸಿದ. ಅವಳು ವಾಪಸ್ ಬರುವ ದಿನ ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ನೀರಲ್ಲಿ ನೆನೆದ ದ್ರಾಕ್ಷಿ! ಮುಟ್ಟಿದ್ದೇ ತಡ, ಪಟಪಟನೆ ಉದುರಿದವು.

ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರ್ ಕಿಟಕಿಯಿಂದಲೇ ಎಲ್ಲ ಗಮನಿಸಿದ್ದರು. ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. "ನೀರು ಓವರ್‌ಲೋಡ್ ಆಗಿದೆ ಕಣಯ್ಯಾ! ತಾರಸಿಗೆ ಒಯ್ಯಿ, ಬಿಸಿಲಲ್ಲಿಡು."

ಕಂಡಕ್ಟರನ್ನೂ ಕರೆದುಕೊಂಡು ಹೋಗಿ ಬಿಸಿಲಲ್ಲಿಟ್ಟ. ಸ್ವಲ್ಪ ಹೊತ್ತಿಗೆ ಎಲೆಗಳ ಮೇಲೆ ಸುಟ್ಟ ಕಲೆ. ಬಟ್ಟೆ ಒಣಹಾಕಲು ಬಂದ ಮೇಲಿನ ಮನೆಯ ಸಂಗೀತದ ಟೀಚರ್ ಹೌಹಾರಿದರು. "ಅಯ್ಯೋ, ಮಗು ಥರ ಇರೋದನ್ನ ಹೀಗಾ ಸುಡೋದು? ಬೇರಿಗೆ ಮೆತ್ತಗೆ ಗಾಳಿ ಬೇಕು. ನನ್ನ ಹೇರ್ ಡ್ರೈಯರ್ ತರ್ತೀನಿ ಇರಿ."

ಆ ಡ್ರೈಯರ್ ಮೆತ್ತಗೆ ಎಂಬ ಪದವನ್ನೇ ಕೇಳಿರಲಿಲ್ಲ. ಒಮ್ಮೆ ಗರ್ಜಿಸಿ, ಮಣ್ಣನ್ನೆಲ್ಲ ಕಂಡಕ್ಟರರ ಕಣ್ಣಿಗೆ ಎರಚಿ, ಟಪ್ ಎಂದು ಇಡೀ ಕಟ್ಟಡದ ಫ್ಯೂಸ್ ಹಾರಿಸಿತು. ಕಣ್ಣು ಕಾಣದ ಕಂಡಕ್ಟರ್ ಆಸರೆಗೆಂದು ಕೈಚಾಚಿ ಹಿಡಿದದ್ದು ಗಿಡದ ತಲೆಯನ್ನು. ಅದು ಕೈಗೇ ಬಂತು.

"ಏನೋ ಸಿಕ್ತು, ಏನದು?" ಎಂದರು ಕಣ್ಣುಜ್ಜುತ್ತ.

ಟೀಚರ್ ಡ್ರೈಯರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಜಾರಿಕೊಂಡರು.

ಗಡಿಬಿಡಿ ತನ್ನ ಅಂಗಡಿಯ ಬಾಗಿಲನ್ನೂ ತೆರೆಯದೆ ನರ್ಸರಿಗೆ ಓಡಿದ. "ಎಲೆ ತುದಿ ಚೂಪಾ, ಗುಂಡಗಾ? ನೇರಳೆ ನಡುವೆಯೋ, ಅಂಚಿಗೋ?" ಎಂದು ನರ್ಸರಿಯಾಕೆ ಕೇಳಿದಾಗ ಅವನು ತಲೆ ಕೆರೆದುಕೊಂಡ. ಊರಿನವರ ದೃಷ್ಟಿಗೆಲ್ಲ ಗಾಜು ಕೂಡಿಸುವವನು ತನ್ನ ಮನೆ ಕಿಟಕಿಯ ಗಿಡವನ್ನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ಅವಳು ಎಷ್ಟು ಸಲ ಕರೆದಿದ್ದಳು, "ನೋಡಿ ರೀ, ಹೊಸ ಎಲೆ ಬಂದಿದೆ" ಎಂದು! ಹೂಂ ಎಂದು ಪುಟ ತಿರುವಿದ್ದ. ಉದುರಿದ್ದ ಎಲೆಯೊಂದನ್ನು ಜೇಬಿನಿಂದ ತೆಗೆದು ಆಕೆಯ ಮುಂದೆ ಹಿಡಿದ. ಆಕೆ ಹೋಲಿಸಿ ನೋಡಿ, ಅಂಥದ್ದೇ ಒಂದನ್ನು ಕೊಟ್ಟಳು. ಹಳೇ ಕುಂಡದಲ್ಲೇ ನೆಟ್ಟು, ಕಿಟಕಿಯಲ್ಲಿಟ್ಟು, ಕಳ್ಳನಂತೆ ಕಾದು ಕೂತ.

ಸಂಜೆ ಅವಳು ಬಂದಳು. ಚೀಲವನ್ನೂ ಕೆಳಗಿಡದೆ ಕಿಟಕಿಯ ಮುಂದೆ ನಿಂತಳು. ಅವಳ ಹೆಗಲು ಅಲುಗತೊಡಗಿತು. ಸಿಕ್ಕಿಬಿದ್ದೆ ಎಂದುಕೊಂಡ ಅವನು.

"ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ ರೀ..." ಎಂದು ಅವಳು ಬಿಕ್ಕಿದಳು. "ನಾನೇ ಪಾಪಿ. ನಿಮಗೆ ಮೋಸ ಮಾಡ್ಬಿಟ್ಟೆ."

"ನೀನಾ? ನನಗಾ?"

ಅವಳು ಚೀಲದಿಂದ ಚಪ್ಪಲಿ ಡಬ್ಬವೊಂದನ್ನು ತೆಗೆದಳು. ಒಳಗೆ ಹತ್ತಿಯ ನಡುವೆ ಪುಟ್ಟ ಕುಂಡ, ಅದರಲ್ಲಿ ಒಂದು ಗಿಡ. "ಅಪ್ಪಂದು ಇದು. ನಿಮ್ಮ ಕೈಲಿ ಬಿಟ್ಟುಹೋಗೋಕೆ ಧೈರ್ಯ ಬರ್ಲಿಲ್ಲ. ಇಂಥದ್ದೇ ಒಂದನ್ನ ಅಂಗಡಿಯಿಂದ ತಂದು ಅದರ ಕುಂಡದಲ್ಲಿ ನೆಟ್ಟು ಹೋಗಿದ್ದೆ. ಅದನ್ನೂ ನೀವು ಹೀಗೆ ಕಾಪಾಡಿದ್ದೀರಿ. ನಾನು ನಿಮ್ಮನ್ನ ಏನೂಂತ ತಿಳ್ಕೊಂಡಿದ್ದೆ!"

ಅವನು ಎರಡನ್ನೂ ನೋಡಿದ. ಮಾವನ ಗಿಡದ ನೇರಳೆಯೊಳಗೆ ಸಣ್ಣ ಕೆಂಪು ಎಳೆಗಳಿದ್ದವು, ಅಂಗೈಯ ಗೆರೆಗಳ ಹಾಗೆ. ಅಂಗಡಿಯದರಲ್ಲಿ ಅದೇನೂ ಇಲ್ಲ. ಕುರುಡನಿಗೂ ತಿಳಿಯುವಷ್ಟು ವ್ಯತ್ಯಾಸ.

"ಕೇಳಿಲ್ಲಿ, ನಾನೊಂದು ಮಾತು..."

"ಬೇಡ, ಏನೂ ಹೇಳ್ಬೇಡಿ. ನೀವು ಸಮಾಧಾನ ಮಾಡಿದಷ್ಟೂ ನನಗೆ ನಾಚಿಕೆ ಆಗುತ್ತೆ. ಮುಂದಿನ ತಿಂಗಳು ಮತ್ತೆ ತಂಗಿ ಹತ್ರ ಹೋಗ್ಬೇಕು. ಆಗ ಇದನ್ನೇ ಬಿಟ್ಟುಹೋಗ್ತೀನಿ, ನಿಮ್ಮ ಕೈಲೇ."

ಕುಂಡವನ್ನು ಅವನ ಬೊಗಸೆಗಿಟ್ಟು ಅವಳು ಮುಖ ತೊಳೆಯಲು ಒಳಗೆ ಹೋದಳು. ಉಸಿರು ತಾಗಿದರೂ ಎಲೆ ಉದುರೀತೆಂದು ಅವನು ಉಸಿರು ಬಿಗಿಹಿಡಿದು ನಿಂತೇ ಇದ್ದ.