ಸೂರ್ಯ ಮುಳುಗುವ ಮೊದಲು ಬರಬೇಕಾದ ನೆರೆ

ನೇತ್ರಾವತಿಯ ನೆರೆಗೆ ಹೊತ್ತು ಗೊತ್ತುಮಾಡಿದವರು ಇಡೀ ಬಂಟ್ವಾಳದಲ್ಲಿ ನನ್ನ ಅತ್ತೆ ಒಬ್ಬರೇ. ಬರುವುದಿದ್ದರೆ ಮಧ್ಯಾಹ್ನ ಮೂರರ ಮೇಲೆ, ನಾಲ್ಕರೊಳಗೆ ಬರಬೇಕು! ಅತ್ತೆ ಎಂದರೆ ನನ್ನ ತಂದೆಯ ಅಕ್ಕ; ಹೊಳೆ ಬದಿಯ ಮನೆಯಲ್ಲಿ ಇರುವುದು ನಾವಿಬ್ಬರೇ. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮವನ್ನು ನಾನು ಎಂದೋ ಗಾಳಿಗೆ ತೂರಿದೆ. ಅತ್ತೆ ಬಿಟ್ಟವರಲ್ಲ. ಆದರೆ ವಯಸ್ಸು ಎಪ್ಪತ್ತಮೂರು. ಸಂಜೆಯ ಊಟ ತಪ್ಪಿದರೆ ಬೆಳಿಗ್ಗೆ ಏಳುವಾಗ ತಲೆ ತಿರುಗಿ ಬೀಳುತ್ತಾರೆ. ಎರಡು ಸಲ ಬಿದ್ದೂ ಆಗಿದೆ. ಹಾಗಾಗಿ ನೆರೆಯ ದಿನ ಬೆಳಕಿರುವಾಗಲೇ ಸರಕಾರದ ಕಾಳಜಿ ಕೇಂದ್ರ ಸೇರಿ ಉಣ್ಣುವುದು ಹೇಗೆ ಎಂಬುದೇ ಅವರ ಚಿಂತೆ, ಅವರ ದೆಸೆಯಿಂದ ನನ್ನದೂ.

ಕೇಂದ್ರ ಎಲ್ಲಿ ಎಂದು ವಿಚಾರಿಸಲು ಮೇ ತಿಂಗಳ ಸುಡುಬಿಸಿಲಲ್ಲೇ ಅತ್ತೆ ತಾಲೂಕು ಕಚೇರಿಗೆ ಹೊರಟರು. ಹಿಂದಿನಿಂದ ನಾನು.

“ನಿಮ್ಮ ಕಡೆಯವರಿಗೆ ಗುಡ್ಡದ ಮೇಲಿನ ಶಾಲೆ,” ಎಂದರು ಗುಮಾಸ್ತರು.

“ಅಲ್ಲಿ ಊಟ ಎಷ್ಟು ಗಂಟೆಗೆ?”

“ಅಮ್ಮ, ಮೊದಲು ನೆರೆ ಬರಬೇಕಲ್ಲ?”

“ಅದು ಬರ್ತದೆ. ನೀವು ಊಟದ್ದು ಹೇಳಿ.”

“ರಾತ್ರಿ ಎಂಟು ಆಗಬಹುದು.”

“ಹಾಗಾದ್ರೆ ನಮ್ಮ ಹೆಸರು ಬರೀಬೇಡಿ!”

ಮದುವೆಯ ಕರೆಯನ್ನು ನಿರಾಕರಿಸುವ ಠೀವಿಯಲ್ಲಿ ಎದ್ದೇಬಿಟ್ಟರು. ಅವರನ್ನು ಮತ್ತೆ ಕೂರಿಸಿ ಹೆಸರು ಬರೆಸುವಷ್ಟರಲ್ಲಿ ನನಗೆ ಸಾಕೋಸಾಕಾಯಿತು.

ಕೊನೆಗೆ ಬುತ್ತಿ ಒಯ್ಯುವುದೆಂದಾಯಿತು. ಒಂದು ಡಬ್ಬ ಅವಲಕ್ಕಿ, ಬೆಲ್ಲ, ನೀರು ಸೋಸುವ ಬಟ್ಟೆ, ಎಲ್ಲ ಒಂದು ಚೀಲದಲ್ಲಿ. ಅಷ್ಟಕ್ಕೇ ಬಿಟ್ಟರೇ? ಪ್ರತಿ ಭಾನುವಾರ ಶಾಲೆಯವರೆಗೆ ನಡೆದು ಅಭ್ಯಾಸ! ವಾರವಿಡೀ ಮೂಡುಬಿದಿರೆಯ ಜವಳಿ ಅಂಗಡಿಯಲ್ಲಿ ನಿಂತು ನಿಂತು ಕಾಲು ಬಾತವಳಿಗೆ ಸಿಗುವುದೇ ಒಂದು ಭಾನುವಾರ. ಅದನ್ನೂ ಬಾರದ ನೆರೆ ನುಂಗಿತು.

“ಎಲ್ಲಿಗೆ ಅಮ್ಮ, ಚೀಲ ಹಿಡ್ಕೊಂಡು?” ದಾರಿಯಲ್ಲಿ ಕೇಳಿದವರಿಗೆ ಅತ್ತೆಯದು ಒಂದೇ ಉತ್ತರ.

“ನೆರೆಗೆ!”

ತಲೆಯ ಮೇಲೆ ಉರಿಬಿಸಿಲು. ಕೇಳಿದವರು ನನ್ನ ಮುಖ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ನಡೆಯಲು ಇಪ್ಪತ್ತೆರಡು ನಿಮಿಷ. ಯಾರು ಎಲ್ಲಿದ್ದರೂ ನೇರ ಶಾಲೆಗೇ ಬರುವುದು, ಯಾರೂ ಯಾರನ್ನೂ ಕಾಯುವುದಿಲ್ಲ ಎಂದು ಅತ್ತೆಯದೇ ಕಟ್ಟಪ್ಪಣೆ. ಪಕ್ಕದ ಮನೆಯವರ ರಿಕ್ಷಾದಲ್ಲಿ ಅತ್ತೆಗೊಂದು ಜಾಗವನ್ನೂ ಗೊತ್ತುಮಾಡಿ ಆಗಿತ್ತು.

ಜುಲೈಯಲ್ಲಿ ನೆರೆ ಬಂತು. ಎಷ್ಟು ಗಂಟೆಗೆ ಅಂತೀರಿ? ಮಧ್ಯಾಹ್ನ ಮೂರೂವರೆಗೆ! ಹೊಳೆ ಅತ್ತೆಯ ಮಾತು ಮೀರಲಿಲ್ಲ, ಹೊತ್ತು ಮೀರಿದವಳು ನಾನು. ಸುದ್ದಿ ಕೇಳಿ ಅಂಗಡಿಯಿಂದ ಹೊರಟರೆ ದಾರಿಗೆ ಮರ ಬಿದ್ದು ಬಸ್ಸು ನಿಂತಿತು, ಮೊಬೈಲಿನ ಚಾರ್ಜ್ ಮುಗಿಯಿತು. ನಡೆದೂ, ಯಾರದೋ ಜೀಪು ಹತ್ತಿಯೂ ಶಾಲೆ ಮುಟ್ಟುವಾಗ ಕತ್ತಲಾಗಿತ್ತು. ಅತ್ತೆ ಅಲ್ಲಿರಲಿಲ್ಲ.

“ನಾಲ್ಕು ಗಂಟೆಗೇ ಕರೆದದ್ದು ಮಾರಾಯ್ತಿ, ರಿಕ್ಷಾ ಹತ್ತಲೇ ಇಲ್ಲ,” ಎಂದರು ಪಕ್ಕದ ಮನೆಯಾಕೆ.

ಗುಡ್ಡ ಇಳಿದು ಓಡಿದೆ. ನೀರು ಮನೆಯ ಮೂರನೆಯ ಮೆಟ್ಟಿಲಿಗೆ ಬಂದಿತ್ತು. ನಾಲ್ಕನೆಯದರ ಮೇಲೆ ಅತ್ತೆ, ಮಡಿಲಲ್ಲಿ ಚೀಲ.

“ಬಂದ್ಯಾ? ಹೋಗುವ,” ಎಂದರು, ಪೇಟೆಗೆ ಹೊರಟವರ ಹಾಗೆ.

ಶಾಲೆಯಲ್ಲಿ ಆಗಲೇ ಗಂಜಿ ಬಡಿಸುತ್ತಿದ್ದರು. ಅತ್ತೆ ಗೋಡೆಗೆ ಒರಗಿ ಕೂತರು. ಡಬ್ಬ ತೆರೆದು ನೋಡಿದರೆ ಅವಲಕ್ಕಿ ಹಾಗೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಯಾರೂ ಯಾರನ್ನೂ ಕಾಯುವುದಿಲ್ಲ ಅಂದದ್ದು ಯಾರು ಅತ್ತೆ?”

“ನೀನು ಗಾಬರಿಯಲ್ಲಿ ಮನೆಗೇ ಬಂದು, ನಾನು ಒಳಗಿದ್ದೇನೆ ಅಂತ ನೀರಿಗೆ ಇಳಿದ್ರೆ?”

“ಬೆಳಕಿರುವಾಗ ಇದನ್ನಾದರೂ ತಿನ್ನಬಹುದಿತ್ತಲ್ಲ!”

“ನೀನು ಎಲ್ಲಿದ್ದಿ ಅಂತ ಗೊತ್ತಿಲ್ಲದೆ ಗಂಟಲಲ್ಲಿ ಇಳೀತದಾ? ಉಣ್ಣು ಈಗ. ಬಿಸಿ ಉಂಟು.”

ಇಷ್ಟು ದಿನ ಇವರನ್ನು ಬೈದುಕೊಂಡ ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು. ಅವರು ನೋಡುತ್ತಿದ್ದರೆಂದು ಕಣ್ಣೊರೆಸಿಕೊಳ್ಳುತ್ತ ತಟ್ಟೆ ಖಾಲಿ ಮಾಡಿದೆ.

ಬೆಳಿಗ್ಗೆ ಅತ್ತೆ ಎದ್ದು ನಿಂತಾಗ ತಲೆ ತಿರುಗಿತು. ಬೀಳಲಿಲ್ಲ. ನಾನು ಅವರಿಗಿಂತ ಮೊದಲೇ ಎದ್ದು, ಕೈ ಹಿಡಿದುಕೊಂಡು ಕೂತಿದ್ದೆ.