ಯೋಗಶಾಲೆಗಳಿಗೆ ನಾನು ಮಾಡಿದ ಆಡಿಟ್

ಯೋಗ ಕಲಿತವರು ದೇಶದಲ್ಲಿ ಕೋಟಿಗಟ್ಟಲೆ ಇರಬಹುದು. ಆದರೆ ಯೋಗಶಾಲೆಯನ್ನು ಶಾಸ್ತ್ರೋಕ್ತವಾಗಿ ಆರಿಸಿದ ಮೊದಲ ಮನುಷ್ಯ ನಾನೇ ಆಗಬೇಕೆಂದು ಪಣ ತೊಟ್ಟೆ!

ಕಾರಣ ನನ್ನ ಮಾವ ಚನ್ನವೀರಪ್ಪನವರು. ಹಿಂದಿನ ಸಲ ದಾವಣಗೆರೆಯಿಂದ ಬಂದಾಗ, ಎಪ್ಪತ್ತೆರಡು ವರ್ಷದ ಅವರು ನೆಲದ ಮೇಲೆ ಪದ್ಮಾಸನ ಹಾಕಿ ಲಿಂಗಪೂಜೆಗೆ ಕೂತರು. ಮೂವತ್ತೊಂಬತ್ತರ ನಾನು ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ! ಅವರು ಸ್ಟೂಲನ್ನು ಒಮ್ಮೆ ನೋಡಿದರು, ಅಷ್ಟೆ. ನಮ್ಮ ಮನೆತನದ ಮೊದಲ ಪದವೀಧರ ನಾನು. ಪದವಿಯ ಹಿಂದೆ ಕುರ್ಚಿ ಬಂತು. ಕುರ್ಚಿ ಬಂದ ಮೇಲೆ ಮಂಡಿ ಮಡಚುವುದೇ ಮರೆತುಹೋಯಿತು.

“ಭಾನುವಾರ ಅಪ್ಪ ಬರ್ತಾರೆ. ಅಷ್ಟರೊಳಗೆ ಎಲ್ಲಾದ್ರೂ ಸೇರ್ಕೊಳ್ರಿ,” ಎಂದಳು ಹೆಂಡತಿ ನೀಲಾಂಬಿಕಾ.

“ಎಲ್ಲಾದ್ರೂ ಅಂದ್ರೆ? ಪೀಣ್ಯದ ಫ್ಯಾಕ್ಟರಿಲಿ ಹದಿನಾಲ್ಕು ವರ್ಷದಿಂದ ಕ್ವಾಲಿಟಿ ಇಂಜಿನಿಯರ್ ಕಣೇ ನಾನು. ಒಂದು ಬೋಲ್ಟ್ ತಗೊಳ್ಳೋಕೂ ಸಪ್ಲೈಯರ್ ಆಡಿಟ್ ಮಾಡ್ತೀನಿ!”

“ಬೋಲ್ಟಿಗೆ ಮಂಡಿ ಇಲ್ಲ ಬಿಡ್ರಿ.”

ಟಿ. ದಾಸರಹಳ್ಳಿಯ ನಮ್ಮ ಮನೆಯ ಸುತ್ತ ಮೂರು ಯೋಗಶಾಲೆಗಳಿವೆ. ಸೋಮವಾರ ಡ್ಯೂಟಿ ಮುಗಿಸಿ ನೇರ ಹೊರಟೆ: ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ರೈಟಿಂಗ್ ಪ್ಯಾಡು, ಜೇಬಿನಲ್ಲಿ ಅಳತೆ ಟೇಪು. ಮೊದಲನೆಯದು ಹಾರ್ಡ್‌ವೇರ್ ಅಂಗಡಿಯ ಮೇಲಿನ ರಾಮಾಂಜಿನಪ್ಪ ಗುರುಗಳದು. ಒಳಗೆ ಆರು ಜನ ತಲೆಯ ಮೇಲೆ ನಿಂತಿದ್ದರು. ಅಬ್ಬಾ, ಇದು ಹೇಗೆ ಸಾಧ್ಯ? ಕೆಮ್ಮು ಬಂದರೆ ಗತಿಯೇನು? ಕುತೂಹಲ ತಡೆಯಲಾರದೆ ಒಬ್ಬರ ಕಾಲಿನ ಹೆಬ್ಬೆರಳಿನಿಂದ ನೆಲದವರೆಗೆ ಟೇಪು ಹಿಡಿದೆ. ಅವರು ಧೊಪ್ಪನೆ ಉರುಳಿಬಿದ್ದರು.

“ನಿಮ್ಮ ಸರ್ಟಿಫಿಕೇಟ್ ಯಾವ ವರ್ಷದ್ದು? ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿ? ಹೋದ ವರ್ಷ ಎಷ್ಟು ಜನಕ್ಕೆ ಉಳುಕಿದೆ?” ಎಂದು ಗುರುಗಳನ್ನು ಕೇಳಿ ಬರೆದುಕೊಳ್ಳತೊಡಗಿದೆ.

ಗುರುಗಳ ಮುಖ ಬಿಳಿಚಿಕೊಂಡಿತು. “ಸಾರ್, ಮೊದ್ಲು ಕೂತ್ಕೊಳ್ಳಿ ಸಾರ್. ಏಯ್, ಸಾಹೇಬ್ರಿಗೆ ಕುರ್ಚಿ ಹಾಕ್ರೋ! ಕಾಫಿ ತರ್ಸ್ರೋ!”

ಎಂಥ ಮರ್ಯಾದೆ! ಅತಿಥಿಸತ್ಕಾರಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ. ಮಂಗಳವಾರ, ಬುಧವಾರ ಹೋದಲ್ಲೂ ಅಷ್ಟೇ ಗೌರವ. ಒಂದು ಕಡೆ ಬಾದಾಮಿ ಹಾಲು! ಮೂರು ದಿನ ಮೂರು ಯೋಗಶಾಲೆ ಸುತ್ತಿ, ಮೂರರಲ್ಲೂ ಕುರ್ಚಿಯಲ್ಲೇ ಕೂತು ಬಂದೆ.

ಅಂಕ ಕೂಡಿಸಿದಾಗ ರಾಮಾಂಜಿನಪ್ಪ ಗುರುಗಳೇ ಪ್ರಥಮ. ಗುರುವಾರ ಸೇರಲು ಹೋದರೆ ಬೀಗ! ಉಳಿದೆರಡಕ್ಕೂ ಬೀಗ!

ಭಾನುವಾರ ಬೆಳಿಗ್ಗೆ ಅಂತೂ ಗುರುಗಳ ಬಾಗಿಲು ತೆರೆದಿತ್ತು. ಗೋಡೆಗೆ ಹಸಿ ಬಣ್ಣ, ಮೂಲೆಯಲ್ಲಿ ಹೊಸ ಕೆಂಪು ಸಿಲಿಂಡರು.

“ಎಲ್ಲಾ ಸರಿ ಮಾಡ್ಸಿದೀನಿ ಸಾರ್, ನೋಡ್ಬಿಟ್ಟು ಬರ್ಕೊಳ್ಳಿ. ಆಫೀಸರ್ ಬಂದವ್ರೆ ಅಂತ ಮಿಕ್ಕಿದ್ ಇಬ್ರು ಯೋಗದ್ ಗುರುಗಳ್ಗೂ ನಾನೇ ಫೋನ್ ಮಾಡ್ದೆ.”

“ಆಫೀಸರ್ರಾ? ನಾನು ವೀರೇಶ್ ಗುರುಗಳೇ, ಫ್ಯಾಕ್ಟರಿಯವನು. ನೆಲದ ಮೇಲೆ ಕೂರೋದು ಕಲಿಯೋಕೆ ಬಂದಿದ್ದು...”

ಗುರುಗಳು ಮೂರು ಸಲ ದೀರ್ಘವಾಗಿ ಉಸಿರೆಳೆದರು. ಅದು ಪ್ರಾಣಾಯಾಮವಲ್ಲವೆಂದು ನನಗೂ ತಿಳಿಯಿತು.

“ಮೂರು ದಿನ ಕ್ಲಾಸ್ ನಿಲ್ಸಿ ಬಣ್ಣ ಹೊಡ್ಸಿದೀನಲ್ರೀ! ಕೂತ್ಕೊಳ್ಳಿ. ಎಡಗಾಲು ಬಲತೊಡೆ ಮೇಲೆ. ಹ್ಞಾಂ... ಬಲಗಾಲು ಎಡತೊಡೆ ಮೇಲೆ!”

ಕಾಲುಗಳನ್ನು ತಾವೇ ಎತ್ತಿಟ್ಟು ಒತ್ತಿದರು. ಪದ್ಮಾಸನ ಸಿದ್ಧಿಸಿತು! ಆದರೆ ಸಿದ್ಧಿಸಿದ್ದು ಬಿಡಲೊಲ್ಲದು. ಗುರುಗಳು ಒಂದು ಕಡೆ, ಇಬ್ಬರು ಶಿಷ್ಯರು ಇನ್ನೊಂದು ಕಡೆ ಎಳೆದರೂ ಗಂಟು ಬಿಚ್ಚಲಿಲ್ಲ. ಕೊನೆಗೆ ಮನೆಗೆ ಫೋನ್ ಮಾಡಿದೆ.

ನೀಲಾಂಬಿಕಾ ಓಡಿ ಬಂದಳು. ಹಿಂದೆಯೇ, ಆಗತಾನೇ ಬಸ್ಸಿಳಿದಿದ್ದ ಮಾವ! ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

“ನೋಡವ್ವ! ಅಳಿಯಂದ್ರು ನೆಲಕ್ಕೆ ಕುಂತಾರೆ!”

“ಕುಂತಿಲ್ಲಪ್ಪ,” ಎಂದಳು ಅವಳು, ನನ್ನ ಕಾಲು ಹಿಡಿದೆಳೆಯುತ್ತ. “ಸಿಕ್ಕಾಕ್ಕೊಂಡಾರೆ!”