ಬೆನ್ನು ಮುಟ್ಟಿದರೆ ಓಟ

ಕೆಲವರಿಗೆ ಮೇಷ್ಟ್ರು ಕಲಿಸಿದ್ದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ನನಗೆ ಆ ಪುಣ್ಯವಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ಕಲಿಸಿದ್ದು ನನ್ನ ಬೆನ್ನಿನಲ್ಲೇ ಕೂತುಬಿಟ್ಟಿದೆ. ಅದು ಯಾವಾಗ ಏಳುತ್ತದೋ ಇವತ್ತಿಗೂ ನನಗೆ ಗೊತ್ತಾಗುವುದಿಲ್ಲ. ಎದ್ದ ಮೇಲೆ ಊರಿಗೆಲ್ಲ ಗೊತ್ತಾಗುತ್ತದೆ.

ಮೈದಾನದಲ್ಲಿ

ಐವತ್ತರ ದಶಕ. ಮಧುಗಿರಿಯಲ್ಲಿ ಓದುತ್ತಿದ್ದೆ. ಡ್ರಿಲ್ ಮೇಷ್ಟ್ರು ಆಳು ಗಿಡ್ಡ, ಗಂಟಲು ಮಾತ್ರ ಬೆಟ್ಟದ ಮೇಲಿನ ಕೋಟೆಗೆ ಕೇಳಿಸುವಂಥದ್ದು. ಖೋ-ಖೋ ಎಂದರೆ ಅವರಿಗೆ ಪ್ರಾಣ. ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರಬೇಕು. ಹಿಂದಿನಿಂದ ಬಂದವನು ಬೆನ್ನು ಮುಟ್ಟಿ 'ಖೋ' ಅಂದ ತಕ್ಷಣ ಎದ್ದು ಓಡಬೇಕು. ಒಂದು ದಿನ ಯಾರು ಮುಟ್ಟಿದ್ದೆಂದು ನಾನು ತಿರುಗಿ ನೋಡಿದೆ. ಮೀನಖಂಡಕ್ಕೆ ಬೆತ್ತ ಬಿತ್ತು.

"ಬೆನ್ ಮುಟ್ಟುದ್ರೆ ಯೋಚ್ನೆ ಮಾಡ್ಬ್ಯಾಡ ಕಣ್ಲಾ! ಮೊದ್ಲು ಓಡು. ಯೋಚ್ನೆ ಆಮೇಲ್ ಮಾಡೀಯಂತೆ!"

ಮೂರು ವರ್ಷ, ದಿನಾ ಬೆಳಗ್ಗೆ ಇದೇ. ಕೊನೆಗೆ ತಲೆಯನ್ನು ಕೇಳದೆ ಕಾಲೇ ಏಳತೊಡಗಿತು. ಒಂದು ದಿನ ಲೆಕ್ಕದ ಮೇಷ್ಟ್ರು "ಭೇಷ್!" ಎಂದು ನನ್ನ ಬೆನ್ನು ತಟ್ಟಿದರು. ಎಚ್ಚರ ಬಂದಾಗ ನಾನು ಸ್ಕೂಲಿನ ಗೇಟಿನ ಹೊರಗಿದ್ದೆ! ವಾಪಸ್ಸು ಬಂದರೆ ಡ್ರಿಲ್ ಮೇಷ್ಟ್ರು ವರಾಂಡದಲ್ಲೇ ನಿಂತಿದ್ದರು.

"ಏಳೋದು ಸರ್ಯಾಗೈತೆ. ಗೇಟತ್ರ ಯಾಕ್ಲಾ ನಿಧಾನ ಆದೆ?"

ಕಚೇರಿಯಲ್ಲಿ

ಶಿರಾದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಆರು ತಿಂಗಳು ಯಾರೂ ಬೆನ್ನು ತಟ್ಟಲಿಲ್ಲ, ತಟ್ಟುವಂಥ ಕೆಲಸವನ್ನೂ ನಾನು ಮಾಡಿರಲಿಲ್ಲ. ಒಂದು ಮಧ್ಯಾಹ್ನ ನಾನು ಬರೆದ ಕಾಗದ ಸಾಹೇಬರಿಗೆ ಹಿಡಿಸಿಬಿಟ್ಟಿತು. ಹಿಂದಿನಿಂದ ಬಂದು ಬೆನ್ನು ತಟ್ಟಿದರು. ಫೈಲು ಕಂಕುಳಲ್ಲಿ ಹಿಡಿದು ನಾನು ಬಜಾರಿನಲ್ಲಿ ಓಡುತ್ತಿದ್ದೆ.

ಸೈಕಲ್ ಅಂಗಡಿಯ ಭಾಯಿ ಅಡ್ಡ ನಿಂತರು. "ಕ್ಯಾ ಹುವಾ ಗುಮಾಸ್ತ್ರೇ? ಆಫೀಸ್ಗೆ ಬೆಂಕಿ ಬಿತ್ತಾ?"

ನಾನು ಏದುಸಿರು ಬಿಡುತ್ತಾ ಕಚೇರಿಯ ಕಡೆ ಕೈ ತೋರಿಸಿದೆ. ನಾನು ಕಚೇರಿಗೆ ಮರಳುವಷ್ಟರಲ್ಲಿ ಪಾಪ, ಆ ಪುಣ್ಯಾತ್ಮರು ನಾಲ್ಕು ಜನರನ್ನು ಕರೆದುಕೊಂಡು ಬಕೆಟ್ಟಿನಲ್ಲಿ ನೀರು ತಂದು ಸಾಹೇಬರ ಮೇಜಿನ ಮುಂದೆ ನಿಂತಿದ್ದರು. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹೊಗಳಿದ್ರೆ ಬಜಾರಿಗೆ ಓಡ್ತೀಯ. ಬೈದ್ರೆ ಪಾವಗಡಕ್ಕೇ ಹೋಗ್ತೀಯೇನಯ್ಯ?"

ಬಡವನಹಳ್ಳಿಯ ತಟ್ಟೆ

ಇಲ್ಲಿಯವರೆಗೆ ನಗಬಹುದಿತ್ತು. ಇಪ್ಪತ್ತಾರು ತುಂಬಿದಾಗ ಅವ್ವ ಹೆಣ್ಣು ಹುಡುಕತೊಡಗಿದಳು. ಬಡವನಹಳ್ಳಿಗೆ ಹೆಣ್ಣು ನೋಡಲು ಹೋದೆವು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. ನಾನು ಸಂಕೋಚದಿಂದ ಸುಮ್ಮನೆ ಕೂತಿದ್ದೆ. ಹುಡುಗಿಯ ತಾತ ಹಿಂದಿನಿಂದ ಬಂದು, "ತಿನ್ನಪ್ಪಾ, ನಾಚ್ಕೋಬ್ಯಾಡ" ಎಂದು ಬೆನ್ನು ಸವರಿದರು.

ಕಾಲು ನಿಂತದ್ದು ಊರಾಚೆ ರಾಗಿ ಹೊಲದಲ್ಲಿ. ತಟ್ಟೆ ಕೈಯಲ್ಲೇ ಇತ್ತು, ಉಪ್ಪಿಟ್ಟು ಇರಲಿಲ್ಲ. ವಾಪಸ್ಸು ಹೋಗುವ ಮುಖವೂ ಇರಲಿಲ್ಲ. ಮೂರನೇ ದಿನ ಅವರ ಕಡೆಯಿಂದ ಆಳು ಬಂದ.

"ಸಂಬಂಧ ಬ್ಯಾಡ್ವಂತೆ. ತಟ್ಟೆ ಕೊಟ್ರೆ ಸಾಕಂತೆ."

ಕೊರಟಗೆರೆಯಲ್ಲಿ

ಅವ್ವ ಎರಡು ದಿನ ಅತ್ತಳು. "ಇದೂ ತಪ್ಪೋದ್ರೆ ನಿಂಗೆ ಹೆಣ್ಣೇ ಸಿಕ್ಕಾಕಿಲ್ಲ ಕಣ್ಲಾ" ಎಂದು ಹೇಳಿಯೇ ಕೊರಟಗೆರೆಗೆ ಕರೆದುಕೊಂಡು ಹೋದಳು. ನನ್ನ ಬೆನ್ನನ್ನು ಗೋಡೆಗೆ ಒತ್ತಿ ಕೂರಿಸಿ, ಏಳುವತನಕ ಪಕ್ಕದಲ್ಲೇ ಕಾವಲಿದ್ದಳು. ಅವರು ಒಪ್ಪಿಬಿಟ್ಟರು!

ಮದುವೆಯ ದಿನ ನನ್ನ ಹಿಂದೆ ಸೋದರಮಾವನನ್ನು ನಿಲ್ಲಿಸಲಾಗಿತ್ತು. ಯಾರು ಆಶೀರ್ವಾದಕ್ಕೆ ಬಂದರೂ ಮಾವ, "ಮುಂದ್ಗಡೆಯಿಂದ, ಮುಂದ್ಗಡೆಯಿಂದ" ಎನ್ನುತ್ತಿದ್ದ. ಭಯಕ್ಕೆ ನಾನು ಡ್ರಿಲ್ ಮೇಷ್ಟ್ರನ್ನು ಕರೆದಿರಲೇ ಇಲ್ಲ. ತಾಳಿ ಕಟ್ಟಿದೆ. ಅವಳ ಸೆರಗಿಗೂ ನನ್ನ ಶಲ್ಯಕ್ಕೂ ಗಂಟು ಬಿತ್ತು. ಗೆದ್ದೆ ಅಂದುಕೊಂಡೆ.

ಆಗ ಹುಡುಗಿಯ ಅಜ್ಜಿ ಪ್ರೀತಿ ತಡೆಯಲಾರದೆ, "ನನ್ ಬಂಗಾರ" ಎಂದು ಮೊಮ್ಮಗಳ ಬೆನ್ನು ತಟ್ಟಿದಳು.

ಹುಡುಗಿ ಎದ್ದು ಓಡಿದಳು!

ಗಂಟು ಬಿದ್ದಿತ್ತಲ್ಲ, ನಾನೂ ಹಿಂದೆ ಹೊರಟೆ. ಪುರೋಹಿತರು ಬಾಯಿಬಿಟ್ಟುಕೊಂಡು ನಿಂತರು. ಹೆಣ್ಣಿನ ಕಡೆಯ ಜನರ ನಡುವಿನಿಂದ ಆ ಹಳೆಯ ಗಂಟಲು ಮೊಳಗಿತು. "ಕಂಬ ದಾಟಿ ತಿರುಗಮ್ಮಾ! ನಡುವೆ ತಿರುಗುದ್ರೆ ಫೌಲು!" ಖೋ-ಖೋದಲ್ಲಿ ಅದೇ ನಿಯಮ. ಹುಡುಗಿ ಶಿಸ್ತಾಗಿ ಚಪ್ಪರದ ಕಂಬ ದಾಟಿ, ತಿರುಗಿ, ನನ್ನನ್ನೂ ಎಳೆದುಕೊಂಡು ಹಸೆಮಣೆಗೆ ಬಂದು ಕೂತಳು. ನಮ್ಮ ಮೇಷ್ಟ್ರು ಕೊರಟಗೆರೆಗೆ ವರ್ಗವಾಗಿ ಹೆಣ್ಣುಮಕ್ಕಳ ತಂಡ ಕಟ್ಟಿದ್ದು, ಅದಕ್ಕೆ ಇವಳೇ ಕ್ಯಾಪ್ಟನ್ ಆಗಿದ್ದು ನನಗೆ ತಿಳಿದದ್ದು ಆಗಲೇ.

ಹುಡುಗಿಯ ಅಪ್ಪ ಬೆವರುತ್ತಾ ಅವ್ವನ ಮುಂದೆ ಕೈಮುಗಿದು ನಿಂತರು. "ಮುಚ್ಚಿಟ್ಟಿದ್ದು ತಪ್ಪಾಯ್ತು ತಾಯಿ. ಇದ್ರಿಂದ್ಲೇ ಮೂರು ಸಂಬಂಧ ತಪ್ಪೋದ್ವು. ತಾಳಿ ಬಿದ್ಮೇಲೆ ಹೇಳಾನ ಅಂತಿದ್ದೋ."

ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನಾವೂ ಅಂಗೇ ಅಂದ್ಕಂಡಿದ್ದೋ ಬೀಗ್ರೇ."